ಎರಡು ಕ್ಯಾಮೆರಾದ ಕುರಾಮೊಚಿ
ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಅಕಿಹಬರಾದಲ್ಲಿ ವಿಡಿಯೋ ಕ್ಯಾಮೆರಾ ಮಾರುವ ಕುರಾಮೊಚಿ ಅಂಗೈಯಗಲದ ಎರಡು ಕ್ಯಾಮೆರಾ ಎತ್ತಿ ಹಿಡಿದರೆ ನಮ್ಮಂಥ ಪೆದ್ದರು ಬಾಯಿ ಬಿಟ್ಟು ನಿಲ್ಲುತ್ತೇವೆ. "ಇದರೊಳಗೆ ಚಿತ್ರ ಹಿಡಿಯೋ ಸಿಸಿಡಿ ಚಿಪ್ ಸ್ವಾಮೀ, ದೀಪ ಕಂಡ್ರೆ ಬೆಳ್ಳಗೆ ಗೆರೆ ಎಳೆಯುತ್ತೆ, ಅದರೊಳಗೆ ಸಿಮೋಸ್ ಚಿಪ್, ಓಡೋ ರೈಲನ್ನೇ ಓರೆ ಮಾಡುತ್ತೆ. ಆದ್ರೂ ಉಗುರಿನಷ್ಟು ಚೂರು ಲೋಕಾನೇ ಹಿಡಿಯುತ್ತಲ್ಲ!" ಎಂದು ತಾನೇ ಈಗ ಕಂಡವನಂತೆ ಬೆರಗಾಗುತ್ತಾನೆ. ಯಾವುದು ಮೇಲೆಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ಹಾಗಾಗಿ ಒಬ್ಬಳೇ ಮಗಳ ಮದುವೆಗೆ ಕೈಗೊಂದರಂತೆ ಎರಡನ್ನೂ ಹಿಡಿದು ನಿಂತ. ಕೊನೆಯಲ್ಲಿ ಅವಳು ತಂದೆತಾಯಿಗೆ ಸೊಂಟ ಬಗ್ಗಿಸಿ ನಮಿಸುವ ಗಳಿಗೆ ಮತ್ತೆ ಸಿಕ್ಕುವಂಥದಲ್ಲ. ಮನೆಯಲ್ಲಿ ವಿಡಿಯೋ ಹಾಕಿ ನೋಡಿದ ಹೆಂಡತಿ ಸಿಡುಕಿದಳು: "ಏನ್ರೀ, ಎರಡರಲ್ಲೂ ಬರೀ ನಿಮ್ಮ ಬೂಟು!" "ಮಗಳು ಬಗ್ಗಿದ್ಲು, ನಾನೂ ಬಗ್ಗಿಬಿಟ್ಟೆ ಕಣೇ." ಹೆಂಡತಿ ಇನ್ನೊಮ್ಮೆ ಹಾಕಿದಳು. ಬೂಟಿನ ಮೇಲೆ ಟಪ್ಪನೆ ಬಿದ್ದ ಕಣ್ಣೀರ ಹನಿ ಎರಡರಲ್ಲೂ ಅಷ್ಟೇ ನಿಚ್ಚಳವಾಗಿತ್ತು.