ದೆವ್ವಕ್ಕೆ ದನಿ ಕೊಟ್ಟ ಆಯಮ್ಮ

ಆಯಮ್ಮನ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ನಡುಗಿಣ್ಣಿನಲ್ಲಿ ಬಾಗಿ, ತುದಿ ಹೆಬ್ಬೆರಳಿನ ಕಡೆಗೆ ಹೊರಳಿಕೊಂಡಿತ್ತು. ಅವರು ಆ ಬೆರಳಿನಿಂದ ಒಬ್ಬರನ್ನು ತೋರಿಸಿದರೆ ಪಕ್ಕದಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಆಂಧ್ರಕ್ಕೆ ಸೇರಿದ ಮಡಕಶಿರಾದ ನಮ್ಮ ಬೀದಿಯ ಅಂಗನವಾಡಿಯಲ್ಲಿ ಅವರು ಆಯಾ ಆಗಿದ್ದರು. ಟೀಚರಮ್ಮಂದಿರು ಬಂದು ಹೋಗುತ್ತಿದ್ದರು, ಆಯಮ್ಮ ಮಾತ್ರ ಇದ್ದಲ್ಲೇ ಇದ್ದರು. ಮೇಲಿನ ಆಫೀಸಿನಿಂದ ಮೇಡಂ ಬಂದರೆ ತೆಲುಗಿನಲ್ಲಿ ಮಾತಾಡಿ, ಅವರು ಅತ್ತ ಹೋದೊಡನೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಬೈಯುತ್ತಿದ್ದರು.

ದಿನಕ್ಕೆ ನಾಲ್ಕೈದು ಸಲ ಮಕ್ಕಳನ್ನು ಎಣಿಸುವುದು ಅವರ ಅಭ್ಯಾಸ. ಬಂದಾಗ, ಉಪ್ಪಿಟ್ಟಿಗೆ ಕೂತಾಗ, ಮಲಗಿದಾಗ, ಎದ್ದಾಗ. ಒಂದು ಸಲ ಎಣಿಕೆಗೆ ಒಂದು ಮಗು ಕಡಿಮೆ ಬಂತು. ಆಯಮ್ಮ ಕಿರುಚಲಿಲ್ಲ. ಅವರ ದನಿ ಕೆಳಗಿಳಿಯಿತು. "ಇನ್ನೊಬ್ರು ಎಲ್ಲಿ? ಇನ್ನೊಬ್ರು ಎಲ್ಲಿ ಕಂದಾ?" ಎಂದು ಬೀದಿಯುದ್ದಕ್ಕೂ ಕೇಳಿಕೊಂಡು ಹೋದರು. ಮಗು ಅಕ್ಕಿ ಮೂಟೆಗಳ ಹಿಂದೆ ನಿದ್ದೆ ಹೋಗಿತ್ತು. ನನಗಾಗ ನಾಲ್ಕು ವರ್ಷವಿರಬೇಕು. ಬೇರೆಲ್ಲ ಮರೆತರೂ ಆ ದನಿ ಮರೆಯಲಿಲ್ಲ.

ದೊಡ್ಡವನಾದ ಮೇಲೆ ನಾನು ಊರಿನಲ್ಲೇ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡೆ. ಆಟೋದಲ್ಲಿ ಕೂಗಿಸುವ ಪ್ರಚಾರ, ಮದುವೆಯ ಹಾಡು, ಪಕ್ಕದ ಅಗಳಿ ಕಡೆಯ ಭಜನೆ ಮಂಡಳಿಗಳ ಪದ, ಇಷ್ಟೇ ಕೆಲಸ. ಅಂಥ ಹೊತ್ತಿನಲ್ಲಿ ಅನಂತಪುರದಿಂದ ಒಬ್ಬ ಬಂದ. ನಾಲ್ಕು ಜನರನ್ನು ಕಟ್ಟಿಕೊಂಡು ಕಂಪ್ಯೂಟರಿನಲ್ಲಿ ಆಡುವ ಹೆದರಿಕೆಯ ಆಟವೊಂದನ್ನು ಮಾಡುತ್ತಿದ್ದ. ಪಾಳುಬಿದ್ದ ಶಾಲೆಯೊಳಗೆ ಒಬ್ಬ ಹೆಂಗಸಿನ ದೆವ್ವ ಮಕ್ಕಳನ್ನು ಹುಡುಕುತ್ತದೆ, ಆಡುವವರು ಅವಳಿಗೆ ಸಿಗದಂತೆ ಬಚ್ಚಿಟ್ಟುಕೊಳ್ಳಬೇಕು. ದೆವ್ವಕ್ಕೆ ದನಿ ಬೇಕಿತ್ತು. ನಾನು ಅವನನ್ನು ನೇರ ಆಯಮ್ಮನ ಮನೆಗೆ ಕರೆದುಕೊಂಡು ಹೋದೆ. ಆಗ ಅವರು ನಿವೃತ್ತರಾಗಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು.

ರೆಕಾರ್ಡಿಂಗ್ ಒಂದು ಮಧ್ಯಾಹ್ನ. ಸದ್ದಾಗುತ್ತದೆಂದು ಫ್ಯಾನು ಆರಿಸಿದ್ದೆವು, ಎಲ್ಲರೂ ಬೆವರುತ್ತಿದ್ದರು. ಅವನು ಕೋಣೆಯೊಳಗೇ ಕೂತು ಹೇಳಿಕೊಡುತ್ತಿದ್ದ. "ಇನ್ನೂ ಹೆದರಿಸಿ, ಇನ್ನೂ."

ಆಯಮ್ಮ ಅವನನ್ನು ನೋಡಿ ಹೇಳಿದರು. "ನಾನ್ಯಾಕಪ್ಪ ಹೆದರ್ಸಲಿ? ಹೆದರಿರೋಳು ನಾನು. ಮಗು ಕಳ್ದೋಗೈತೆ."

ದೆವ್ವದ ಮಾತನ್ನೂ ಹಾಗೇ ಹೇಳಿದರು. ನಡುವಿನ ಗಾಜಿನ ಈಚೆ, ಯಂತ್ರದ ಮುಂದೆ ಕೂತಿದ್ದ ನನ್ನ ತೋಳಿನ ಮೇಲೆ ಕೂದಲು ನಿಂತವು.

ಅವನ ಜೊತೆ ರಾಯದುರ್ಗದ ಹುಡುಗಿಯೊಬ್ಬಳು ಬಂದಿದ್ದಳು. ಅವರದು ಜೀನ್ಸ್ ಹೊಲಿಯುವ ಮನೆ. ಆಟದ ಚಿತ್ರಗಳನ್ನೆಲ್ಲ ಬರೆಯುತ್ತಿದ್ದವಳು ಅವಳೇ. ದೆವ್ವದ ಮುಖಕ್ಕೆಂದು ಚಾಪೆಯ ಮೇಲೆ ಕೂತು ಆಯಮ್ಮನ ಮುಖ ಬರೆಯುತ್ತಿದ್ದಳು. ಅವನು ಚಿತ್ರ ನೋಡುವವನಂತೆ ಅವಳ ಪಕ್ಕ ಕೂತು ಬೆನ್ನಿನ ಮೇಲೆ ಕೈಯಿಟ್ಟ. ಕೈ ಅಲ್ಲೇ ಉಳಿಯಿತು. ಹುಡುಗಿ ಸರಿದಳು. ಅವನೂ ಸರಿದ. ಆಯಮ್ಮ ಅರ್ಧ ಮಾತಿಗೆ ನಿಲ್ಲಿಸಿ, ಹೆಡ್‌ಫೋನ್ ತೆಗೆದಿಟ್ಟು, ಹುಡುಗಿಯನ್ನು ಹತ್ತಿರ ಕರೆದು ತಮ್ಮ ಪಕ್ಕ ಗೋಡೆಯ ಕಡೆ ಕೂರಿಸಿಕೊಂಡರು. ನಾನು ಎಲ್ಲವನ್ನೂ ನೋಡಿದೆ. ನೋಡಿ, ತಲೆ ತಗ್ಗಿಸಿ, ಯಂತ್ರದ ಗುಂಡಿ ತಿರುಗಿಸುತ್ತ ಕೂತೆ. ಅವನು ಕೊಟ್ಟಂಥ ಕೆಲಸ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಆಟ ಹೊರಬಂತು. ಕನ್ನಡದ ಒಂದಕ್ಷರ ಬಾರದವರೂ ಆ ದೆವ್ವದ ದನಿಗೆ ಬೆಚ್ಚಿ, ಬೆಚ್ಚಿದ್ದನ್ನು ವಿಡಿಯೋ ಮಾಡಿ ಹಾಕಿದರು. ಆಯಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಯಾವುದೋ ದೇಶದ ಗಡ್ಡದ ಗಂಡಸು ಕುರ್ಚಿಯಿಂದ ಬಿದ್ದದ್ದನ್ನು ನೋಡಿ, "ಅಯ್ಯೋ ಪಾಪ, ನೀರು ಕೊಡ್ರೋ ಅವನಿಗೆ" ಅಂದರು.

ಒಂದೂವರೆ ವರ್ಷ ಕಳೆದ ಮೇಲೆ ರಾಯದುರ್ಗದ ಹುಡುಗಿ ಅವನು ತನಗೆ ಏನೇನು ಮಾಡಿದ, ಒಲ್ಲೆ ಎಂದಾಗ ಆಟ ಮಾಡಿದವರ ಹೆಸರುಪಟ್ಟಿಯಿಂದ ತನ್ನ ಹೆಸರನ್ನು ಹೇಗೆ ಅಳಿಸಿದ ಎಂಬುದನ್ನೆಲ್ಲ ಎಲ್ಲರೂ ಓದುವಂತೆ ಬರೆದಳು. ಬೆನ್ನಿಗೇ ಇನ್ನಿಬ್ಬರು ಹುಡುಗಿಯರು ಬರೆದರು. ಅವನು ಮೊದಲು ಸುಳ್ಳೆಂದ, ಆಮೇಲೆ ಕ್ಷಮೆ ಕೇಳಿದ, ಕೊನೆಗೆ ಕಂಪನಿ ಬಿಟ್ಟು ಹೋದ. ಅವನ ಪಾಲುದಾರ ಉಳಿದದ್ದನ್ನು ನೋಡಿಕೊಳ್ಳತೊಡಗಿದ.

ಅದೇ ಹೊತ್ತಿಗೆ ದೊಡ್ಡ ಕಂಪನಿಯೊಂದು ಬೇರೆ ಬೇರೆ ಆಟಗಳ ದೆವ್ವಗಳನ್ನೆಲ್ಲ ಒಂದೇ ಆಟದೊಳಗೆ ತರುವುದರಲ್ಲಿತ್ತು. ಕ್ರಾಸ್‌ಓವರ್ ಎನ್ನುತ್ತಾರೆ. ನಮ್ಮ ದೆವ್ವವೂ ಪಟ್ಟಿಯಲ್ಲಿತ್ತು. ಹೊಸ ಮಾತುಗಳನ್ನು ಆಯಮ್ಮನಿಂದ ಆಡಿಸಿ ಕಳಿಸಿ ಎಂದು ನನಗೆ ಬರೆದರು. ಆಡುವವರ ನಡುವೆ ಜಗಳ ಹತ್ತಿಕೊಂಡಿತು. ಅಂಥವನ ದೆವ್ವ ಬೇಡ, ತೆಗೆಯಿರಿ ಎಂದರು ಕೆಲವರು. ಕಲೆ ಬೇರೆ, ಕಲಾವಿದ ಬೇರೆ ಎಂದರು ಕೆಲವರು. ನಾನು ಎರಡನೆಯವರ ಕಡೆ. ಅದನ್ನೇ ನನ್ನ ಹೆಸರು ಹಾಕಿ ಉದ್ದಕ್ಕೆ ಬರೆದು, ಮೆಚ್ಚುಗೆಯನ್ನೂ ಗಳಿಸಿದೆ. ನನ್ನ ಹಿಂದಿನ ಕೋಣೆಯ ಹೆಸರು ಅಷ್ಟು ದೂರ ಹೋಗುವ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಬರೆದದ್ದನ್ನು ಆಯಮ್ಮನಿಗೆ ಓದಿ ಹೇಳಿದೆ. ಅವರು ಕಡಲೆಕಾಯಿ ಸುಲಿಯುತ್ತಲೇ ಕೇಳಿದರು. "ಅದೇನು, ಬೇರೆ ಬೇರೆ ಊರಿನ ದೆವ್ವ ಎಲ್ಲಾ ಒಂದೇ ಛತ್ರದಾಗೆ ಇಳ್ಕೊಂಡಂಗಾ?"

"ಹಂಗೇ ಆಯಮ್ಮ. ಮಾಡ್ದೋನು ಕೆಟ್ಟೋನು, ಸರಿ. ದೆವ್ವ ಏನು ತಪ್ಪು ಮಾಡೈತೆ?"

"ಆ ಹುಡುಗಿ ಏನಂದ್ಲು?"

"ದೆವ್ವದ ವಿಷ್ಯ ಏನೂ ಹೇಳಿಲ್ಲ."

"ಹೇಳಿಲ್ವೋ, ಯಾರೂ ಕೇಳಿಲ್ವೋ?"

ಆಯಮ್ಮ ಮೊರ ಪಕ್ಕಕ್ಕಿಟ್ಟು ಆ ಬಾಗಿದ ಬೆರಳನ್ನು ನನ್ನ ಮುಂದೆ ಹಿಡಿದರು.

"ಇದು ಹುಟ್ಟಿನಿಂದ ಹಿಂಗಿತ್ತು ಅಂದ್ಕೊಂಡಿದ್ಯಾ? ನಮ್ಮೆಜಮಾನ ಬಾಗಿಲ ಸಂದಿಗೆ ಇಟ್ಟು ಮುರ್ದಿದ್ದು. ಕೋಲಾಟದ ಪದ ಕಟ್ಟೋದ್ರಲ್ಲಿ ಸುತ್ತ ಹತ್ತೂರಿಗೆ ಅವನಂಥೋನಿಲ್ಲ. ನಿಮ್ಮನ್ನ ಮಲಗ್ಸೋಕೆ ನಾನು ಹಾಡ್ತಿದ್ನಲ್ಲ ಗುಬ್ಬಿ ಹಾಡು, ಅದು ಅವನು ಕಟ್ಟಿದ್ದೇ."

ನಾನು ನಂಬಲಾಗದೆ ಕೇಳಿದೆ. "ಮತ್ತೆ ಹೆಂಗೆ ಹಾಡಿದ್ರಿ, ಅಷ್ಟು ವರ್ಷ?"

"ಅದೊಂದು ಹಾಡು ನಂಗೆ ಬೇಕಿತ್ತು, ಇಟ್ಕೊಂಡೆ. ಮಿಕ್ಕಿದ್ದು ಬಾಯಿಗೆ ತಂದ್ರೆ ಬೆರಳು ನೋಯ್ತಿತ್ತು, ಬಿಟ್ಟೆ. ಅವನು ಹೆಂಗಾದ್ರೂ ಇರ್ಲಿ, ಪದ ಚಿನ್ನದಂಗವೆ, ಎಲ್ಲಾ ಹಾಡಮ್ಮ ಅಂತ ಕೆಲವ್ರು ಬಂದ್ರು. ಅಂಥೋನ ಪದ ಹಾಡೋಕೆ ನಾಚ್ಕೆ ಆಗಲ್ವಾ ಅಂತ ಇನ್ನ ಕೆಲವ್ರು ಬಂದ್ರು. ಬೆರಳು ಮುರಿಸ್ಕೊಂಡೋಳು ನಾನು, ಹಾಡೋದೋ ಬಿಡೋದೋ ನಾನು ನೋಡ್ಕೊಂತೀನಿ, ನೀವು ಹೋಗಿ ಅಂದೆ."

ಆಮೇಲೆ ಮೊರ ಮತ್ತೆ ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದರು. "ಅವತ್ತು ಗಾಜಿನ ಆಚೆ ನೀನಿದ್ದೆ. ನಂಗೆ ಕಂಡಿದ್ದು ನಿಂಗೂ ಕಾಣ್ತು ತಾನೆ?"

"ಕಾಣ್ತು."

"ಇಷ್ಟುದ್ದ ಬರ್ದಿದೀಯಲ್ಲಪ್ಪ. ಅದ್ರಾಗೆ ಅದು ಎಲ್ಲೈತೆ?"

ಯಾರ ಮೇಲೂ ಕೈಯೆತ್ತದ ಆಯಮ್ಮ ಅವತ್ತು ನನಗೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಹುಡುಗಿಗೆ ಅಲ್ಲಿಂದಲೇ ಫೋನು ಹಚ್ಚಿಸಿದರು. ಸ್ಪೀಕರಿನಲ್ಲಿ ಅವಳ ರಾಯದುರ್ಗದ ಮಾತು ಜಗಲಿಯ ತುಂಬ ಕೇಳಿಸಿತು.

"ಆ ಮುಖ ನಾ ಬರದದ್ರಿ ಅಮ್ಮಾ. ನಿಮ್ಮ ಮುಖಕ್ಕ ನಮ್ಮವ್ವನ ಕಣ್ಣು ಹಚ್ಚೀನಿ. ಆಟದಿಂದ ತಗದು ಹಾಕಿದ್ರ ನನ್ನ ಕೆಲ್ಸಾನೂ ಹೋಗತೈತಿ. ಇಟ್ರ ಅವನ ಹೆಸರು ಮ್ಯಾಲ ಕುಂದರ್ತೈತಿ. ಎರಡರಾಗ ನಿನಗ ಯಾವ್ದು ಬೇಕವ್ವಾ ಅಂತ ನೀವೇ ಮೊದ್ಲು ಕೇಳಿದ್ರಿ."

"ಹೇಳು ಮಗಾ. ಏನು ಮಾಡಾಣ?"

"ಈಗ ಬ್ಯಾಡ್ರಿ. ಅವನ ಹೆಸರು ಇರೋತನಕ ಬ್ಯಾಡ."

"ಹಂಗಾದ್ರೆ ಬೇಡ ಬಿಡು," ಎಂದು ಆಯಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.

ದನಿ ಸಿಗುವುದಿಲ್ಲ ಎಂದು ಕಂಪನಿಗೆ ಬರೆದೆ. ಆ ಆಟ ನಮ್ಮ ದೆವ್ವವಿಲ್ಲದೆಯೇ ಬಂತು. ಮಿಕ್ಕ ದೆವ್ವಗಳೆಲ್ಲ ಅದರಲ್ಲಿ ಮೆರೆಯುವುದನ್ನು ನೋಡಿ ಹೊಟ್ಟೆ ಉರಿಯಿತು. ಎರಡು ವಾರ ಆಯಮ್ಮನ ಬೀದಿಗೆ ಕಾಲಿಡಲಿಲ್ಲ. ಕೊನೆಗೆ ನಾನೇ ಹೋದೆ. ಅವತ್ತು ನೋಡಿದ್ದನ್ನು ಎರಡು ಪುಟ ಬರೆದು ತೆಗೆದುಕೊಂಡು ಹೋಗಿದ್ದೆ. ಹುಡುಗಿಯರ ದೂರಿನ ಬಗ್ಗೆ ಪಾಲುದಾರ ನಡೆಸುತ್ತಿದ್ದ ವಿಚಾರಣೆಗೆ ಕೊಡಲು. ಆಯಮ್ಮ ಪೂರ್ತಿ ಓದಿಸಿಕೊಂಡರು. ನಾನು "ತಲೆ ತಗ್ಗಿಸಿದೆ" ಎಂದು ಬರೆದಿದ್ದ ಕಡೆ ಇನ್ನೊಮ್ಮೆ ಓದು ಎಂದರು. ಆಮೇಲೆ, "ನಾನೂ ನೋಡಿದೀನಿ," ಎಂದು ಕೆಳಗೆ ತೆಲುಗಿನಲ್ಲಿ ತಮ್ಮ ರುಜು ಹಾಕಿದರು. ಆ ಪುಟಗಳು ವಿಚಾರಣೆಗೆ ಹೋದ ಮೇಲೆ ಅವನ ಗೆಳೆಯರ ಕಡೆಯಿಂದ ಬರುತ್ತಿದ್ದ ಕೆಲಸಗಳು ಒಂದೊಂದಾಗಿ ನಿಂತವು. ನಾನು ಮತ್ತೆ ಆಟೋ ಪ್ರಚಾರಕ್ಕೆ ಬಂದೆ.

ಮರುವರ್ಷ ಆ ದೊಡ್ಡ ಕಂಪನಿ ಇನ್ನೊಂದು ಭಾಗ ತೆಗೆದಾಗ ಮತ್ತೆ ಬರೆಯಿತು. ಅಷ್ಟರಲ್ಲಿ ಪಾಲುದಾರ ಅವನಿಂದ ಹಕ್ಕನ್ನೆಲ್ಲ ಬಿಡಿಸಿಕೊಂಡಿದ್ದ. ದೆವ್ವವನ್ನು ರೂಪಿಸಿದವಳೆಂದು ಹುಡುಗಿಯ ಹೆಸರು, ದನಿಗೆ ಆಯಮ್ಮನ ಹೆಸರು, ಅವನದು ಇಲ್ಲ. ಈ ಸಲ ನಾನು ಮೊದಲು ರಾಯದುರ್ಗಕ್ಕೆ ಫೋನು ಮಾಡಿದೆ. "ಈಗ ಹೂಂ ಅಂತೀನ್ರಿ," ಅಂದಳು.

ಆದರೆ ಆಯಮ್ಮನಿಗೆ ಲಕ್ವ ಹೊಡೆದಿತ್ತು. ಬಾಯಿ ಒಂದು ಕಡೆಗೆ ಎಳೆದು ಮಾತು ತೊದಲುತ್ತಿತ್ತು. ಅಗಳಿಯಲ್ಲಿದ್ದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಹಳೆಯ ರೆಕಾರ್ಡಿಂಗನ್ನೇ ಬಳಸುವುದು ಎಂದಾಯಿತು. ಹುಡುಗಿ ಎರಡು ಬಸ್ಸು ಬದಲಿಸಿ ಬಂದಳು. ನಾನು ಕಂಪ್ಯೂಟರನ್ನೇ ಆಯಮ್ಮನ ಮನೆಗೆ ಹೊತ್ತುಕೊಂಡು ಹೋದೆ.

ತೆರೆದು ನೋಡಿದರೆ ಎಲ್ಲ ಕಡೆಯೂ ಅವನ ದನಿ. "ಇನ್ನೂ ಹೆದರಿಸಿ", "ಮತ್ತೊಮ್ಮೆ", "ಇದು ಸಾಲದು". ಮಾತಿನ ನಡುವೆ ಇದ್ದದ್ದನ್ನು ಕತ್ತರಿಸಿದೆವು. ಮೂರು ದಿನ ಹಿಡಿಯಿತು. ಆದರೆ ದೆವ್ವ ಮಕ್ಕಳನ್ನು ಕೂಗುವ, ಆಯಮ್ಮನ ಅತ್ಯಂತ ಒಳ್ಳೆಯ ಕರೆಯೊಂದರ ಮೇಲೆ ಅವನ ಮಾತು ಸವಾರಿ ಮಾಡಿತ್ತು. ಏನು ಮಾಡಿದರೂ ಅವನ ದನಿಯ ನೆರಳು ಉಳಿಯುತ್ತಿತ್ತು. ಅದನ್ನು ಪೂರ್ತಿ ಅಳಿಸಹೋದರೆ ಆಯಮ್ಮನೂ ಅಳಿಸಿಹೋಗುತ್ತಿದ್ದರು. ನಾನು ಮತ್ತೆ ಮತ್ತೆ ಒದ್ದಾಡುತ್ತಿದ್ದೆ. ಹುಡುಗಿ, "ಬಿಡ್ರಿ, ಹೋಗ್ಲಿ ಅದು," ಅಂದಳು. ಮಂಚದ ಮೇಲಿಂದ ಆಯಮ್ಮ ಹೂಂ ಎಂದು ತಲೆಯಾಡಿಸಿದರು. ಕಲೆ ಬೇರೆ, ಕಲಾವಿದ ಬೇರೆ ಎಂದು ಸಲೀಸಾಗಿ ಬರೆದಿದ್ದ ನಾನು ಆ ಕರೆಯನ್ನು ನನ್ನ ಕೈಯಾರೆ ಅಳಿಸಿದೆ.

ರೆಕಾರ್ಡಿಂಗಿನ ಇನ್ನೊಂದು ಕಡೆ, ದೆವ್ವದ ಮಾತು ಅರ್ಧಕ್ಕೆ ನಿಂತು, ಆಯಮ್ಮನ ಸ್ವಂತ ದನಿ ಸಿಕ್ಕಿತು. "ಬಾರಮ್ಮ, ಈ ಕಡೆ ಬಂದು ಕೂತ್ಕೋ. ನಾನಿದೀನಿ." ಹುಡುಗಿ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು. ಮೂರನೆಯ ಸಲವೂ ಕೇಳಿದಳು. "ಇದು ಇರ್ಲಿ," ಅಂದಳು. ಆಯಮ್ಮ ಅರ್ಧ ಬಾಯಲ್ಲಿ ನಕ್ಕರು. ಹೊಸ ಆಟದಲ್ಲಿ ದೆವ್ವ ಹೇಳುವ ಕೊನೆಯ ಮಾತು ಅದೇ. ಯಾಕೋ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ ಎಂದು ಆಡಿದವರು ಬರೆದರು. ಇನ್ನು ಕೆಲವರು ಅಳು ಬಂತು ಎಂದರು.

ಆಟ ಬಂದ ಎರಡು ತಿಂಗಳಿಗೆ ಆಯಮ್ಮ ತೀರಿಕೊಂಡರು. ಬೆಳಿಗ್ಗೆ ಮಗಳು ಗಂಜಿ ಕುಡಿಸಿ ಲೋಟ ತೊಳೆದು ಬರುವಷ್ಟರಲ್ಲಿ ಉಸಿರು ನಿಂತಿತ್ತಂತೆ. ಅವರ ಕೈಯಲ್ಲಿ ಉಂಡು ಬೆಳೆದವರು ಬೀದಿ ತುಂಬ ನಿಂತಿದ್ದರು. ಬಸ್ ಡ್ರೈವರು, ಮಂಡಲ ಆಫೀಸಿನ ಗುಮಾಸ್ತ, ಟೈಲರು, ನಾನು.

ರಾಯದುರ್ಗದ ಹುಡುಗಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಮನೆಯಲ್ಲಿ ಮಗಳೊಬ್ಬಳೇ, ಅತ್ತು ಸೋತು ಒಳಕೋಣೆಯಲ್ಲಿ ಮಲಗಿದ್ದಳು. ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ವಿಚಾರಣೆಗೆ ಎರಡು ಪುಟ ಬರೆದುಕೊಟ್ಟವನು, ಮೂರು ದಿನ ಅವಳ ಪಕ್ಕದಲ್ಲೇ ಕೂತು ಕೆಲಸ ಮಾಡಿದವನು, ಅವಳಿಗೆ ಎದುರೆದುರೇ ಆ ಒಂದು ಮಾತು ಹೇಳಿರಲಿಲ್ಲ. ಆಯಮ್ಮ ಒಂದು ಸಲವೂ ಹೇಳು ಎಂದಿರಲಿಲ್ಲ. ನಾನೇ ಹೇಳುತ್ತೇನೆಂದು ಕಾದಿದ್ದರೋ ಏನೋ.

"ಅವತ್ತು ನಾನು ನೋಡಿದೆ," ಅಂದೆ. "ನೋಡಿಯೂ ಸುಮ್ಮನಿದ್ದೆ. ತಪ್ಪಾಯ್ತಮ್ಮ."

ಅವಳು ಬೀದಿಯ ಕಡೆ ನೋಡುತ್ತ ಕೂತಿದ್ದಳು. "ನೀವು ತಲಿ ಕೆಳಗ ಹಾಕಿದ್ದು ನಾ ನೋಡೀನ್ರಿ," ಅಂದಳು.

ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ನೋಡುವ ಸದ್ದು ಕೇಳಿಸಿತು. "ಚಾಪುಡಿ ಎಲ್ಲಿಟ್ಟಾರ?" ಎಂದು ಒಳಗಿಂದ ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಕುಡಿದ ಚಹಾಗಳಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ಎದ್ದು ಹೋಗಿ ಅವಳ ಜೊತೆ ಹುಡುಕತೊಡಗಿದೆ.