ಚಿಕ್ಕಗಂಗಮ್ಮನ ಮೊದಲ ಡ್ರಮ್ಮು

ಕೆಂಗೇರಿಯ ವೆಂಕಟಗಿರಿ ಇಪ್ಪತ್ತು ವರ್ಷ ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು ಹೊತ್ತವನು. ಊರಿನ ಅರ್ಧ ಗಂಡುಗಳನ್ನು ಛತ್ರದ ಬಾಗಿಲವರೆಗೆ ಬಡಿದು ಮುಟ್ಟಿಸಿದ ಪುಣ್ಯಾತ್ಮ. ಅದಕ್ಕೆ ಸಿಕ್ಕ ಬಹುಮಾನವೆಂದರೆ ಎರಡೂ ಕಿವಿ ಮಂದ. ಇದ್ದದ್ದೂ ಬೇಗ ಹೋಗುತ್ತದೆ ಎಂದರು ಡಾಕ್ಟರು. ಹೆಂಡತಿ ಹನುಮಕ್ಕ ಅದನ್ನು ಮೂರು ಸಲ ಕೂಗಿ ಹೇಳಿದಳು. ಬೀದಿಗೆ ಮೊದಲನೇ ಸಲಕ್ಕೇ ಗೊತ್ತಾಯಿತು.

ಕಿವಿ ಹೋದರೆ ಹೋಗಲಿ ಎನ್ನುವ ಆಸಾಮಿ ಅವನು. ಆದರೆ ಐದು ವರ್ಷದ ಮಗಳು ಚಿಕ್ಕಗಂಗಮ್ಮ ಮೊರ, ಚೊಂಬು, ಅಜ್ಜಿಯ ಬೆನ್ನು, ಒಂದನ್ನೂ ಬಿಡದೆ ಬಡಿಯುತ್ತಿದ್ದಳು, ಅದೂ ತಾಳ ತಪ್ಪದೆ. ಸಂಜೆ ಅವನು ಸೀಮೆಎಣ್ಣೆ ಡಬ್ಬಕ್ಕೆ ಹಗ್ಗ ಕಟ್ಟಿ ತನ್ನ ಕೊರಳಿಗೇ ಹಾಕಿಕೊಂಡು ಮಂಡಿಯೂರಿದರೆ, ಅವಳು ಎದುರು ನಿಂತು ಬಾರಿಸುವಳು. ಈ ಮಗು ನಿಜವಾದ ಡ್ರಮ್ಮು ಬಾರಿಸುವುದನ್ನು ಕೇಳಿಬಿಡಬೇಕು, ಅದೊಂದೇ ಅವನ ಆಸೆ.

ಸಾವಿರದ ಒಂಬೈನೂರ ಐವತ್ತಾರರ ಯುಗಾದಿ ಕಳೆದ ಮೇಲೆ ಅಪ್ಪ ಮಗಳು ರಾಜಾಜಿನಗರಕ್ಕೆ, ಡ್ರಮ್ಮಿಗೆ ಚರ್ಮ ಬಿಗಿಯುವ ಕೃಷ್ಣಯ್ಯನ ಅಂಗಡಿಗೆ ಬಂದರು.

"ಮಗೂಗೆ ಇದೇ ಸರಿ ಗಿರಿಯಣ್ಣ," ಎಂದು ಕೃಷ್ಣಯ್ಯ ಪುಟ್ಟ ಸೆಟ್ಟೊಂದನ್ನು ಇಟ್ಟ. ಒಂದು ಸಣ್ಣ ಡ್ರಮ್ಮು, ಪಕ್ಕದಲ್ಲಿ ಹಿತ್ತಾಳೆ ತಾಳ.

ಹುಡುಗಿ ಬಾರಿಸಿದಳು. ವೆಂಕಟಗಿರಿಗೆ ಕಡ್ಡಿ ಏಳುವುದು ಕಂಡಿತು, ಬೀಳುವುದು ಕಂಡಿತು. ಅಷ್ಟೇ.

"ದೊಡ್ಡದು ತೋರ್ಸಿ."

ಎರಡನೆಯದಕ್ಕೂ ಅದೇ ಮಾತು. ಮೂರನೆಯದರ ಹಿಂದೆ ಹುಡುಗಿಯೇ ಮರೆಯಾದಳು. ಅದು ಕೇಳಿಸಿತು!

"ಇದೇ ಇರ್ಲಿ!"

"ಅಯ್ಯೋ ನಿಮ್ಮ! ಮಗು ಎಲ್ಲಿ ಕಾಣ್ತಾ ಇದೆ?" ಕೃಷ್ಣಯ್ಯ ಕಿರುಚಿದ.

"ಬೆಳೀತಾಳೆ ಬಿಡಿ."

ಚಿಕ್ಕಗಂಗಮ್ಮ ಡ್ರಮ್ಮಿನ ಹಿಂದಿನಿಂದ ಹೊರಗೆ ಬಂದು, "ಇದು ಬ್ಯಾಡ," ಎಂದಳು. ಸಣ್ಣ ಡ್ರಮ್ಮನ್ನೇ ಎಳೆದು ತಂದು, ಅದರ ಪಟ್ಟಿಯನ್ನು ಅಪ್ಪನ ಕೊರಳಿಗೆ ಹಾಕಲು ಹೊರಟಳು.

"ಅಪ್ಪಂಗಲ್ಲ ಕಣಮ್ಮ, ನಿಂಗೆ!" ಕೃಷ್ಣಯ್ಯ ನಕ್ಕ. ಅವಳು ಲೆಕ್ಕಿಸಲಿಲ್ಲ. ಡ್ರಮ್ಮು ಇರುವುದು ಅಪ್ಪನ ಕೊರಳಲ್ಲಿ, ಬಾರಿಸುವುದು ತಾನು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ವೆಂಕಟಗಿರಿ ಮಂಡಿಯೂರಿದ. ಅವಳು ಬಾರಿಸಿದಳು. ಕಿವಿಗೆ ಏನೂ ಬರಲಿಲ್ಲ. ಡ್ರಮ್ಮು ಒತ್ತಿಕೊಂಡಿದ್ದ ಹೊಟ್ಟೆಗೆ ಬಂತು. ಒಂದೊಂದು ಪೆಟ್ಟೂ ಬಂತು. ಒಂದೂ ತಪ್ಪಿರಲಿಲ್ಲ.

"ಇದನ್ನೇ ಕೊಡಿ," ಎಂದ.

ಪಟ್ಟಿ ಮಗುವಿಗೆ ಮಾರುದ್ದ ಹೆಚ್ಚಾಗಿತ್ತು. ಕೃಷ್ಣಯ್ಯ ಕತ್ತರಿ ಎತ್ತಿಕೊಂಡ. ವೆಂಕಟಗಿರಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮುಟ್ಟಬೇಡಿ ಕೃಷ್ಣಯ್ಯನೋರೇ. ನನ್ನ ಅಳತೆಗೆ ಸರಿಯಾಗಿದೆ."