ಮೂಲೆ ಹರಿದ ಕಾರ್ಡು

ಬುಧವಾರ ಬಂತೆಂದರೆ ನನಗೆ ಬೆಳಗಿನ ರೊಟ್ಟಿಯೂ ಸೇರದಿದ್ದ ಕಾಲವದು. ಎಪ್ಪತ್ತರ ದಶಕದ ಮಾತು. ಭರಮಸಾಗರದಲ್ಲಿ ನನ್ನ ಪಕ್ಕ ಕೂತು ಓದುತ್ತಿದ್ದ ರತ್ನಿ, ಅವಳಪ್ಪ ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆಗೆ ಹೋದಾಗ ತಾನೂ ಹೋಗಿಬಿಟ್ಟಳು. ಆಮೇಲೆ ವಾರಕ್ಕೊಂದು ಕಾರ್ಡು. ತನ್ನಣ್ಣನ ಕೈಲಿ ಐದಾರು ಕಾರ್ಡಿಗೆ ಒಟ್ಟಿಗೇ ವಿಳಾಸ ಬರೆಸಿಟ್ಟುಕೊಂಡು, ಹಿಂದೆ ತನ್ನ ಸೊಟ್ಟ ಅಕ್ಷರ ತುಂಬುತ್ತಿದ್ದಳು. ಕಾರ್ಡಿಗೆ ಕುರಿಹಟ್ಟಿಯ ವಾಸನೆ. ನಾನು ಮೂಸಿಯೇ ಓದುತ್ತಿದ್ದೆ.

ಒಂದು ಕಾರ್ಡಿನಲ್ಲಿ ‘ಜ್ವರ ಬಿಟ್ಟಿಲ್ಲ ಕಣೇ’ ಎಂದಿದ್ದಳು. ಮುಂದಿನ ಬುಧವಾರ ಪೋಸ್ಟಿನ ಸಿದ್ದಣ್ಣ ಎಂದಿನಂತೆ ನನ್ನ ಹೆಸರು ಕೂಗಲಿಲ್ಲ. ಗೇಟಿನಾಚೆಯೇ ನಿಂತ.

“ದೊಡ್ಡೋರು ಯಾರೂ ಇಲ್ವೇನವ್ವ? ಇದನ್ನ ಒಳಗೆ ಒಯ್ಬ್ಯಾಡ. ಮೂಲೆ ಹರಿದೈತೆ.”

ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ರೂಢಿ. ಹೊಸಿಲಾಚೆ ನಿಂತು ಓದಿ, ಅಲ್ಲೇ ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ರತ್ನಿಯ ಅಣ್ಣನ ಅಕ್ಷರದ ವಿಳಾಸ ಕಂಡಿತು. ತಿರುಗಿಸಲಿಲ್ಲ. ಓದಿದರೆ ರತ್ನಿ ಸತ್ತೇಹೋಗುತ್ತಾಳೆ, ಓದದಿದ್ದರೆ ಇರುತ್ತಾಳೆ ಎಂದು ಅನಿಸಿಬಿಟ್ಟಿತ್ತು. ಹಿತ್ತಲ ಗೋಡೆಯ ಕಲ್ಲುಸಂದಿಯಲ್ಲಿ ಕಾರ್ಡನ್ನು ತುರುಕಿದೆ.

ಏಳು ದಿನ ಆ ಗೋಡೆಯ ಕಡೆ ಹೋಗಲಿಲ್ಲ. ಅಲ್ಲಿ ಕಾಗೆ ಕೂತರೂ ದೂರದಿಂದಲೇ ಕಲ್ಲೆಸೆದು ಓಡಿಸುತ್ತಿದ್ದೆ. ಕುಂಟೆಬಿಲ್ಲೆಗೆ ಕರೆದವರಿಗೆ ಹೊಟ್ಟೆನೋವೆಂದೆ. ಅಮ್ಮ ಅದನ್ನು ನಂಬಿ ಓಮದ ಕಷಾಯ ಕುಡಿಸಿದಳು.

ಮತ್ತೆ ಬುಧವಾರ ಬಂತು. ಸಿದ್ದಣ್ಣ ನಮ್ಮ ಮನೆ ದಾಟಿ ಹೋದ. ಇನ್ನು ತಡೆಯಲಾಗದೆ ಕಾರ್ಡು ಎಳೆದು ತಿರುಗಿಸಿದೆ. ರತ್ನಿಯದೇ ಅಕ್ಷರ!

‘ಜ್ವರ ಬಿಡ್ತು. ಮೂಲೆ ಕುರಿಮರಿ ತಿಂದೈತೆ, ಬೇರೆ ಕಾರ್ಡಿಲ್ಲ, ಬೈಬ್ಯಾಡ. ಬರೋ ಸೋಮವಾರ ನಂಗೆ ಮದುವೆ ಮಾಡ್ತಾರಂತೆ. ನಾನು ಓದ್ಬೇಕು. ನಿಮ್ಮಪ್ಪ ಮೇಷ್ಟ್ರು ಬಂದು ಹೇಳಿದ್ರೆ ನಮ್ಮಪ್ಪ ಕೇಳ್ತಾನೆ. ಬೇಗ ಕಳಿಸೇ.’

ಬದುಕಿದ್ದಾಳೆಂಬ ಖುಷಿ ಒಂದು ಗಳಿಗೆ. ಆಮೇಲೆ ಸೋಮವಾರ ಕಳೆದದ್ದು ನೆನಪಾಯಿತು. ಓಡಿಹೋಗಿ ಅಪ್ಪನ ಕೈಗೆ ಕೊಟ್ಟೆ.

“ಯಾವತ್ತು ಬಂತವ್ವ ಇದು?”

“ಈಗ್ಲೇ ಬಂತಪ್ಪ.”

ಅಪ್ಪ ಅಂಚೆ ಮುದ್ರೆ ನೋಡಿದರು. ನನ್ನನ್ನು ನೋಡಿದರು. ಮರುದಿನ ಮೊದಲ ಬಸ್ಸಿಗೇ ಹೊರಟವರು ಸಂಜೆ ಬಂದು ಚಪ್ಪಲಿ ಬಿಡುತ್ತಾ ಅಮ್ಮನಿಗೆ ಹೇಳಿದರು: “ಚಪ್ಪರದ ಸೊಪ್ಪು ಒಣಗೈತೆ. ಹುಡುಗೀನ ಗಂಡನ ಊರಿಗೆ ಕಳಿಸ್ಯಾರೆ.” ಹದಿಮೂರು ವರ್ಷ ಅವಳಿಗೆ.

ನಾನು ಬರೆದ ನಾಲ್ಕು ಕಾರ್ಡಿಗೂ ಉತ್ತರ ಬರಲಿಲ್ಲ. ಆಮೇಲೆ ನಾನು ಯಾರಿಗೂ ಕಾಗದ ಬರೆಯಲಿಲ್ಲ. ಬುಧವಾರದ ಆ ಕಾತರ, ಕಾರ್ಡು ಮೂಸುವ ಸುಖ ಅಲ್ಲಿಗೇ ಮುಗಿದವು.

ಈಗ ಮೊಮ್ಮಗಳ ಮೊಬೈಲಿನಲ್ಲಿ, ಕಳಿಸಿದ ಮಾತನ್ನು ಗೆಳತಿ ಓದಿದಳೋ ಇಲ್ಲವೋ ಎಂದು ಎರಡು ನೀಲಿ ಗೀಟು ಹೇಳಿಬಿಡುತ್ತವೆ. ರತ್ನಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ನಾನು ಓದಿಯೂ ಸುಮ್ಮನಿದ್ದೆ ಎಂದುಕೊಂಡೇ ಅವಳು ಆ ಸೋಮವಾರ ಹಸೆಮಣೆಯ ಮೇಲೆ ಕೂತಿರಬೇಕು.